ಕಾಠ್ಮಂಡುವಿಗೊಂದು ಸೀಟು

ಎಲ್ಲಕ್ಕೂ ಮೂಲ, ಹನುಮನಹಳ್ಳಿಯ ದಾರಿಗೆ ಅಡ್ಡ ಚಾಚಿದ್ದ ಒಂದು ಹುಣಸೆ ಕೊಂಬೆ. ಅದು ಇನ್ನೊಂದು ಮೊಳ ಮೇಲಿದ್ದಿದ್ದರೆ ಆ ಲಾರಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಗಂಗಾವತಿಯ ಟೇಲರ್ ಶಾಮೀದಸಾಬನೂ ತನ್ನ ಪಾಡಿಗೆ ತಾನು ಜಂಪರ್ ಹೊಲಿದುಕೊಂಡು ಇರುತ್ತಿದ್ದ.

ಅದು ೧೯೭೭ರ ಜನವರಿ. ಲಂಡನ್ನಿನಿಂದ ಹೊರಟು ನೆಲದ ಮೇಲೆಯೇ ದೇಶದಿಂದ ದೇಶಕ್ಕೆ ದಾಟುತ್ತ ಬಂದಿದ್ದ ಲಾರಿ ಅದು. ಹಿಂದುಗಡೆ ಎದುರುಬದುರು ಬೆಂಚು, ಮೇಲೆ ಹಸಿರು ತಾಡಪತ್ರಿಯ ಚಾವಣಿ, ಒಳಗೆ ಬಿಸಿಲಿಗೆ ಬದನೆಕಾಯಿ ಸುಟ್ಟಂತೆ ಸುಟ್ಟುಕೊಂಡ ಏಳು ಮಂದಿ ಬಿಳಿಯರು. ಅವರ ಮುಖಂಡ ಡಂಕನ್ ಎಂಬ ಕೆಂಪು ಗಡ್ಡದವನು. ಆನೆಗೊಂದಿ ನೋಡಿಕೊಂಡು ಬರುವಾಗ ಹುಣಸೆ ಕೊಂಬೆ ತಾಡಪತ್ರಿಯನ್ನು ಈ ತುದಿಯಿಂದ ಆ ತುದಿಗೆ ಸೀಳಿತು. ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬಂದು ಜವಳಿ ಬಜಾರಿನಲ್ಲಿ ಶಾಮೀದಸಾಬನ ಅಂಗಡಿಯ ಮುಂದೆ ನಿಂತಿತು.

ಶಾಮೀದಸಾಬನಿಗೆ ಮೂವತ್ತೆಂಟು ವರ್ಷ. ಅವನು ಹೋಗಿದ್ದ ಅತಿ ದೂರದ ಊರು ಹುಬ್ಬಳ್ಳಿ. ಅದೂ ಮಷೀನು ತರಲು, ಒಂದೇ ಸಲ. ಆದರೆ ಕಾಲು ಪೆಡಲ್ ಮೇಲೆ ಬಿದ್ದ ಕೂಡಲೇ ಅವನ ಮನಸ್ಸು ಊರು ಬಿಡುತ್ತಿತ್ತು. ಯಾವ ಹಡಗಿನಲ್ಲೋ, ಯಾವ ಮರಳುಗಾಡಿನಲ್ಲೋ ಸುತ್ತಾಡಿ ಅದು ವಾಪಸು ಬರುವಷ್ಟರಲ್ಲಿ ಯಾರದೋ ಅಂಗಿಗೆ ಎರಡೂ ಎಡಗೈ ತೋಳು ಕೂತಿರುತ್ತಿದ್ದವು.

ತಾಡಪತ್ರಿಯನ್ನು ಬಿಚ್ಚಿ ರಸ್ತೆಯ ಮೇಲೆ ಹಾಸಿದರು. ಬಜಾರಿಗೆ ಬಜಾರೇ ಸುತ್ತ ನಿಂತಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ವೆಂಕೋಬ ಮಾಸ್ತರರು ಕರೆಯದೆಯೇ ಬಂದು ದುಭಾಷಿಯಾದರು.

ಶಾಮೀದಸಾಬ ದಬ್ಬಣ ಹಿಡಿದು ಕೂತವನು ಹಾಗೆಯೇ ಕೂತುಬಿಟ್ಟ. ತಾಡಪತ್ರಿಯ ತುಂಬ ತೇಪೆಗಳು. ಒಂದೊಂದರ ಬಣ್ಣ ಬೇರೆ, ದಾರ ಬೇರೆ, ಕೈ ಬೇರೆ.

"ಇವನ್ನ ಎಲ್ಲೆಲ್ಲಿ ಹೊಲಿಸ್ಯಾರಂತ್ರಿ, ಮಾಸ್ತರ್ರ?"

ಡಂಕನ್ ಬಗ್ಗಿ ಒಂದೊಂದನ್ನೇ ಮುಟ್ಟಿ ಹೇಳಿದ. ಇದು ಇಸ್ತಾಂಬುಲ್. ಇದು ಇಸ್ಫಹಾನ್. ಇದು ಹೆರಾತ್. ಇದು ಲಾಹೋರ್.

ಶಾಮೀದಸಾಬ ಬೆರಳ ತುದಿಯಿಂದ ಹೊಲಿಗೆಗಳನ್ನು ಸವರಿದ. ಇಸ್ಫಹಾನಿನವನು ಅಭಿಮಾನಿ, ಯಾರಿಗೂ ಕಾಣದ ಒಳಮೈಯಲ್ಲೂ ಎಳೆ ಮಡಚಿ ಅಂಚು ಕಟ್ಟಿದ್ದ. ಲಾಹೋರಿನವನಿಗೆ ಮದುವೆ ಸುಗ್ಗಿ ಇದ್ದಿರಬೇಕು, ಗಡಿಬಿಡಿಯಲ್ಲಿ ಗಂಟು ಸಹ ಸರಿಯಾಗಿ ಬಿಗಿದಿರಲಿಲ್ಲ. ಹೆರಾತಿನ ಹೊಲಿಗೆ ಉದ್ದುದ್ದ, ಅಲ್ಲಲ್ಲಿ ಓರೆ.

"ಇಂವ ಮುದುಕ ಅದಾನ್ರಿ," ಎಂದ ಶಾಮೀದಸಾಬ ಮೆಲ್ಲಗೆ. "ಕಣ್ಣು ಮಂಜಾಗ್ಯಾವು. ಆದ್ರ ಕೈ ಬಿಟ್ಟಿಲ್ಲ."

ಮಾಸ್ತರರು ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಡಂಕನ್ ಬೆರಗಾದ. "ಹೌದು, ಎಂಬತ್ತರ ಮುದುಕ! ಮಲ್ಬೆರಿ ಗಿಡದ ಕೆಳಗೆ ಕೂತು ಹೊಲಿದ. ನಮಗೆಲ್ಲ ಚಹಾ ಕುಡಿಸಿದ."

ಶಾಮೀದಸಾಬನ ಕಣ್ಣ ಮುಂದೆ ಗಂಗಾವತಿಯ ಬಜಾರು ಕರಗಿ ಹೋಯಿತು. ಮಣ್ಣಿನ ಗೋಡೆಗಳು, ಹಣ್ಣು ಉದುರುವ ನೆರಳು, ಬೆಳ್ಳಿ ಗಡ್ಡದ ಮುದುಕ ಒಂದು ಲೋಟ ಚಹಾ ಅವನ ಕಡೆಗೇ ಸರಿಸಿದಂತಾಯಿತು. ಅವನು ಕೈ ಚಾಚಿಯೂ ಬಿಟ್ಟ. ಎದುರಿಗಿದ್ದ ಚಹಾದಂಗಡಿ ಹೇಮಪ್ಪ, "ತಡಿಯೋ ಮಾರಾಯಾ, ಇನ್ನೂ ಕುದ್ದಿಲ್ಲ," ಎಂದ.

ಆಗ ಡಂಕನ್ ಒಂದು ಮಾತು ಹೇಳಿದ. ತಾಡಪತ್ರಿ ದೇಶಕ್ಕೊಮ್ಮೆ ಹರಿಯುತ್ತದೆ. ಜೊತೆಗಿದ್ದ ಒಬ್ಬ ಗೋವಾದಲ್ಲಿ ಸಮುದ್ರ ನೋಡಿ ಅಲ್ಲೇ ಇಳಿದುಬಿಟ್ಟಿದ್ದಾನೆ. ಒಂದು ಸೀಟು ಖಾಲಿ ಇದೆ. ಕಾಠ್ಮಂಡುವರೆಗೆ ಈ ದರ್ಜಿ ಬರುವುದಾದರೆ ಊಟ ನಮ್ಮದು, ವಾಪಸು ರೈಲಿನ ಟಿಕೆಟ್ಟೂ ನಮ್ಮದು. ಸಂಜೆ ಐದಕ್ಕೆ ಹೊರಡುತ್ತೇವೆ.

ಮಾಸ್ತರರು ಅರ್ಧ ಹೇಳುವಷ್ಟರಲ್ಲಿ ಶಾಮೀದಸಾಬ, "ಬರ್ತೀನಿ ಅನ್ರಿ," ಎಂದ.

"ಪೂರ್ತಿ ಕೇಳಲೇ ಮೊದ್ಲು."

"ಆಮ್ಯಾಲೆ ಕೇಳ್ತೀನ್ರಿ. ಮೊದ್ಲು ಬರ್ತೀನಿ ಅನ್ರಿ."

"ನೇಪಾಳಕ್ಕ ಪಾಸ್‌ಪೋರ್ಟ್ ಗೀಸ್‌ಪೋರ್ಟ್ ಬೇಕಾಗೂದಿಲ್ಲೇನ್ರಿ?" ಹೇಮಪ್ಪ ಕೇಳಿದ.

"ನಮ್ಮ ಮಂದಿಗೆ ಬೇಕಾಗಿಲ್ಲ," ಎಂದರು ಮಾಸ್ತರರು, ಆ ಕಾಯಿದೆಯನ್ನು ತಾವೇ ಮಾಡಿದವರಂತೆ.

ಸುದ್ದಿ ಬೆಂಕಿ ಕಂಡ ಬೆಕ್ಕಿನ ಹಾಗೆ ಓಡಿತು. ಹತ್ತು ಗಂಟೆಗೆ ಅಂಗಡಿಯ ಮುಂದೆ ಮೂವತ್ತು ಜನ. ಶಾಮೀದಸಾಬ ಬೀಳ್ಕೊಡಲು ಬಂದರೆಂದು ಕೈ ಮುಗಿದ. ಅವರು ಬಂದದ್ದು ತಮ್ಮ ತಮ್ಮ ಬಟ್ಟೆಗೆ. ದೀಪಾವಳಿಗೆ ಕೊಟ್ಟ ಅಂಗಿ, ಶ್ರಾವಣಕ್ಕೆ ಕೊಟ್ಟ ಲಂಗ, ದ್ಯಾವಪ್ಪನೆಂಬ ದಫೇದಾರನ ಪ್ಯಾಂಟು.

"ನೀ ಹಿಮಾಲಯಕ್ಕಾರ ಹೋಗು, ಚಂದ್ರಲೋಕಕ್ಕಾರ ಹೋಗು. ನನ್ನ ಪ್ಯಾಂಟು ಕೊಟ್ಟು ಹೋಗು," ಎಂದ ದ್ಯಾವಪ್ಪ, ಲಾಠಿ ಮಡಿಲಲ್ಲಿಟ್ಟು ಬಾಗಿಲಲ್ಲೇ ಕೂತ.

ಓಣಿಯ ಮುದಕಮ್ಮ ನಾಲ್ಕು ಜಂಪರಿನ ಬಟ್ಟೆಯನ್ನು ಹೆಸರು ಹಿಡಿದು ಕೂಗಿದಳು. "ನಾಡಿದ್ದು ಮಗಳ ನಿಶ್ಚಿತಾರ್ಥ ಐತೋ ಶಾಮೀದಣ್ಣ! ಬೀಗರ ಮುಂದ ಹುಡುಗಿನ್ನ ಸೀರಿ ಅಷ್ಟ ಉಡಿಸಿ ನಿಲ್ಲಸಲೇನು?"

ಶಾಮೀದಸಾಬ ಅಂದು ಹೊಲಿದಂತೆ ಜನ್ಮದಲ್ಲಿ ಹೊಲಿದಿರಲಿಲ್ಲ. ಒಂದು ತಾಸು ಮಷೀನು, ಒಂದು ತಾಸು ತಾಡಪತ್ರಿ. ಬಟ್ಟೆ ಕೈಗೆ ಬಂದವರೂ ಮನೆಗೆ ಹೋಗಲಿಲ್ಲ. ಸಲಹೆ ಕೊಡಲು ಕೂತರು. ಹಿಮಾಲಯದಲ್ಲಿ ಚಳಿಗೆ ಮೂಗು ಉದುರುತ್ತದೆಂದು ಒಬ್ಬ ಮಂಕಿ ಟೋಪಿ ತಂದು ತೊಡಿಸಿದ. ಇನ್ನೊಬ್ಬ ತನ್ನ ಸ್ವೆಟರು ಬಿಚ್ಚಿ ಹಾಕಿದ. ಹೆಂಡತಿ ರಾಜಾಬೀ, ಗಂಡ ಅಷ್ಟು ಹೊತ್ತಿಗೆ ಅರ್ಧ ದಾರಿ ಹೋಗಿಯೇ ಬಿಟ್ಟಿದ್ದಾನೆಂದು ನಂಬಿದವಳಂತೆ ಅಳುತ್ತಲೇ ಉಣ್ಣೆಯ ಮಫ್ಲರು ಕಳಿಸಿದಳು. ಗಂಗಾವತಿಯ ಮಧ್ಯಾಹ್ನದ ಬಿಸಿಲಲ್ಲಿ ಅವನು ಉಗಿಯಲ್ಲಿಟ್ಟ ಕಡುಬಿನಂತೆ ಬೆವೆತ. ತೆಗೆಯಲು ಹೋದರೆ, "ರೂಢಿ ಮಾಡ್ಕೋಬೇಕಪ್ಪಾ," ಎಂದು ಎಲ್ಲರೂ ಗದರಿದರು.

ಆದರೂ ದಬ್ಬಣ ತಾಡಪತ್ರಿಯಲ್ಲಿ ಇಳಿದಾಗ ಅವನಿಗೆ ಸೆಕೆ ಮರೆತುಹೋಗುತ್ತಿತ್ತು. ಇಸ್ಫಹಾನಿನವನ ಪಕ್ಕದಲ್ಲೇ ತನ್ನ ಹೊಲಿಗೆ ಬರುತ್ತಿದೆ. ನಾಳೆ ಯಾವುದೋ ಊರಿನ ಯಾರೋ ದರ್ಜಿ ಇದನ್ನು ಸವರಿ, ಇವನಾರು ಎಂದು ಕೇಳುತ್ತಾನೆ. ಗಂಗಾವತಿಯ ಕೈ ಸಡಿಲ ಎನ್ನಿಸಿಕೊಳ್ಳಬಾರದು. ಅವನು ದಾರಕ್ಕೆ ಮೇಣ ತೀಡಿದ. ಎರಡೆಳೆ ಮಾಡಿದ. ಒಂದು ಸಾಲು ಮುಗಿಸಿ ಅದರ ಮೇಲೆ ಇನ್ನೊಂದು ಸಾಲು ಹಾಕಿದ. ಹಿಮದ ಬೆಟ್ಟಗಳು ದೂರದಲ್ಲಿ ನೀಲಿಯಾಗಿ ಎದ್ದವು. ಲಾರಿ ಅವುಗಳ ಕಡೆಗೆ ತೇಲುತ್ತಿತ್ತು. ತಾಡಪತ್ರಿ ಹಡಗಿನ ಪಟದಂತೆ ಗಾಳಿ ತುಂಬಿಕೊಂಡಿತ್ತು.

"ಅಯ್ಯಯ್ಯೋ, ಬಿಡೋ!" ಎಂಬ ಕೂಗಿಗೆ ಬೆಟ್ಟಗಳು ಕುಸಿದವು.

ಎದುರಿಗೆ ಕೂತು ಮಾತಾಡುತ್ತಿದ್ದ ಮುದಕಮ್ಮ ಏಳಲು ಹೋಗಿ ಮುಗ್ಗರಿಸಿದ್ದಳು. ಅವಳ ಸೆರಗು ಮೊಳದುದ್ದ ತಾಡಪತ್ರಿಗೆ ಸೇರಿ, ಎರಡು ಸಾಲು ಹೊಲಿಗೆಯಲ್ಲಿ ಭದ್ರವಾಗಿ ಕೂತಿತ್ತು.

"ಮುದಕಮ್ಮನೂ ಕಾಠ್ಮಂಡಕ್ಕ ಹೊಂಟ್ಲು!" ಎಂದು ಹೇಮಪ್ಪ ಕೂಗಿದ. ಬಿಡಿಸಲು ಇಬ್ಬರು ಹೆಂಗಸರಿಗೆ ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತೂ ಏಳು ಮಂದಿ ಬಿಳಿಯರು ಸರತಿಯ ಮೇಲೆ ಅವಳ ಫೋಟೋ ಹೊಡೆದರು. ಮೂರನೆಯ ಫೋಟೋಕ್ಕೆ ಮುದಕಮ್ಮ ಅಳು ನಿಲ್ಲಿಸಿ ಬೈತಲೆ ಸರಿಮಾಡಿಕೊಂಡಳು.

ಇಷ್ಟರಲ್ಲಿ ಶಾಮೀದಸಾಬನ ತಾಯಿ ಲಾಲಬೀ ಬಂದಳು. ಅರವತ್ತು ದಾಟಿದ, ಒಣ ಕಡ್ಡಿಯಂಥ ಹೆಂಗಸು. ಆದರೆ ದನಿ ಎತ್ತಿದರೆ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ನಿಲ್ಲುತ್ತಿತ್ತು.

"ನನ್ನ ಮಣ್ಣು ಮಾಡಿ ಹೋಗೋ ಬೇಟಾ! ಆಮ್ಯಾಲೆ ಯಾವ ದೇಶಕ್ಕಾರ ಹೋಗು!"

"ಅಮ್ಮಾ, ಎರಡು ತಿಂಗಳಿಗೆ ಬರ್ತೀನಿ."

"ನಿನಗ ಮನಿಯಿಂದ ಅಂಗಡಿಗೆ ಬರೂದ್ರಾಗ ದಾರಿ ತಪ್ಪತೈತಿ. ದಿಲ್ಲಿ ದಾಟಿ ಎಲ್ಲಿ ಹೋಕ್ಕಿ?"

ಬೈಯುತ್ತಲೇ ಅವಳು ಮಗನಿಗೆಂದು ತಂದ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಪಕ್ಕದಲ್ಲಿ ಡಂಕನ್ ಒಂದು ಡಬ್ಬಿಯಿಂದ ತಣ್ಣಗಿನ ಅವರೆಕಾಳಿನಂಥದ್ದನ್ನು ಚಮಚದಲ್ಲಿ ತಿನ್ನುತ್ತಿದ್ದ. ಗೋವಾದಲ್ಲಿ ಇಳಿದವನೇ ಅವರಿಗೆ ಅಡುಗೆ ಮಾಡುತ್ತಿದ್ದನಂತೆ. ಅಂದಿನಿಂದ ಡಬ್ಬಿಯೇ ಗತಿ. ಲಾಲಬೀ ಅದನ್ನು ಇಣುಕಿ ನೋಡಿದಳು. ಅವಳ ಬೈಗುಳ ನಡುವಿನಲ್ಲೇ ನಿಂತಿತು.

"ಯಾ ಅಲ್ಲಾ! ಇದೇನು ತಿಂತಾನಿಂವ? ಹೆತ್ತಾಕಿ ನೋಡಿದ್ರ ಎದಿ ಒಡಕೊಂತಾಳ."

ಮಗನ ಬುತ್ತಿ ಏಳು ಪಾಲಾಯಿತು. ಸಾಲಲಿಲ್ಲ. ಅವಳು ಮನೆಗೆ ಹೋಗಿ ಇನ್ನೂ ಇಪ್ಪತ್ತು ರೊಟ್ಟಿ ಬಡಿದು ತಂದಳು. ಒಂದೊಂದು ರೊಟ್ಟಿ ಹಾಕುವಾಗಲೂ, "ನನ್ನ ಮಗನ್ನ ಕಸಗೊಂಡು ಹೋಗಾಕ ಬಂದೀರಿ, ತಿನ್ರಿ, ಇನ್ನಷ್ಟು ತಿನ್ರಿ," ಎಂದು ಶಪಿಸಿದಳು. ಅವರು ಕಣ್ಣಲ್ಲಿ ನೀರು ತಂದುಕೊಂಡು, ಮೂಗು ಒರೆಸಿಕೊಳ್ಳುತ್ತ, ಕೈ ಮುಗಿಯುತ್ತ ತಿಂದರು. ಶಾಮೀದಸಾಬನಿಗೆ ಮಾತ್ರ ಒಂದು ತುತ್ತೂ ಉಳಿಯಲಿಲ್ಲ. ಅವನಿಗೆ ಹಸಿವಿನ ನೆನಪೂ ಇರಲಿಲ್ಲ.

ನಾಲ್ಕೂವರೆಗೆ ತಾಡಪತ್ರಿ ಲಾರಿಯ ಮೇಲೇರಿತು. ಡಂಕನ್ ಹೊಲಿಗೆ ಎಳೆದು ನೋಡಿದ. ಹಗ್ಗ ಕಟ್ಟಿ ಇಬ್ಬರನ್ನು ಜೋತಾಡಿಸಿದ. ಮೂರನೆಯವನು ಮೇಲೆ ಹತ್ತಿ ಕುಣಿದ. ಒಂದು ಎಳೆಯೂ ಅಲುಗಲಿಲ್ಲ. ಬಜಾರು ಚಪ್ಪಾಳೆ ತಟ್ಟಿತು. ಹೇಮಪ್ಪ ಚೆಂಡುಹೂವಿನ ಹಾರ ತಂದು ಸ್ವೆಟರು, ಮಫ್ಲರುಗಳ ಮೇಲೆ ಹಾಕಿ, ತನ್ನ ತಂದೆಗೊಂದು ರುದ್ರಾಕ್ಷಿ ತರಲು ಹೇಳಿದ. ದ್ಯಾವಪ್ಪ ಹೊಸ ಪ್ಯಾಂಟಿನಲ್ಲಿ ನಿಂತು ಸೆಲ್ಯೂಟ್ ಹೊಡೆದ.

ಶಾಮೀದಸಾಬ ಕಾಲೆತ್ತಿ ಲಾರಿಯ ಮೆಟ್ಟಿಲ ಮೇಲಿಡಬೇಕು, ಅಲ್ಲಿ ಲಾಲಬೀ ಕೂತಿದ್ದಳು.

"ನನ್ನ ತುಳಿದು ಹೋಗು."

ಒಬ್ಬೊಬ್ಬರೇ ಬಂದು ಬೇಡಿಕೊಂಡರು. ಅವಳು ಅಲುಗಲಿಲ್ಲ. ಕೊನೆಗೆ ಮಾಸ್ತರರು ಡಂಕನ್ನನ ಕೈಯಿಂದ ನಕಾಶೆ ಇಸಿದುಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನೋಡವಾ ಲಾಲಬೀ, ಹೆದರೂ ಅಂಥಾ ದಾರಿ ಅಲ್ಲಿದು. ಇಲ್ಲಿಂದ ತಾವರಗೇರಾ, ಕುಷ್ಟಗಿ. ಅಲ್ಲಿಂದ ಬಿಜಾಪುರ, ಸೊಲ್ಲಾಪುರ. ಎಲ್ಲೋರಾ ನೋಡ್ಕೊಂಡು ಉದಯಪುರ. ಆಮ್ಯಾಲೆ ಅಜ್ಮೀರ, ಜಯಪುರ, ದಿಲ್ಲಿ..."

ಲಾಲಬೀಯ ಅಳು ನಿಂತಿತು.

"ಏನಂದ್ರಿ?"

"ದಿಲ್ಲಿ."

"ಅದರ ಹಿಂದಿಂದು."

"ಜಯಪುರ."

"ಅದರ ಹಿಂದಿಂದ್ರೀ ಮಾಸ್ತರ್ರ!"

"ಅಜ್ಮೀರ."

"ಖ್ವಾಜಾ ಸಾಹೇಬರ ದರ್ಗಾ ಇರೂ ಅಜ್ಮೀರೇನ್ರಿ? ಅಲ್ಲಿ ಗಾಡಿ ನಿಂದರತೈತಿ?"

ಡಂಕನ್ ಎರಡು ಬೆರಳು ತೋರಿಸಿದ. "ಎರಡು ದಿನ ನಿಂದರತೈತಂತ," ಎಂದರು ಮಾಸ್ತರರು.

ಲಾಲಬೀ ಕಣ್ಣೊರೆಸಿಕೊಂಡಳು. ಎದ್ದಳು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಎರಡೂ ಕೈಯಿಂದ ಕಂಬಿ ಹಿಡಿದು ಲಾರಿ ಹತ್ತಿದಳು. ಖಾಲಿ ಸೀಟನ್ನು ಸೆರಗಿನಿಂದ ಝಾಡಿಸಿ ಕೂತಳು.

"ನಾ ಹೋಕ್ಕೀನಿ," ಎಂದಳು. "ಇವರಿಗೆ ರೊಟ್ಟಿ ಬಡದು ಹಾಕ್ತೀನಿ ಅಂತ ಹೇಳ್ರಿ."

ಮಾಸ್ತರರು ಹೇಳಿದರು. ಬಿಳಿಯರು ತಲೆಗೆ ತಲೆ ಹಚ್ಚಿ ಗುಸುಗುಸು ಮಾತಾಡಿದರು. ಗುಸುಗುಸು ಮುಗಿಯುವ ಮೊದಲೇ ಏಳೂ ಮುಖ ದೀಪ ಹಚ್ಚಿದಂತೆ ಅರಳಿದವು. ಡಂಕನ್ ಶಾಮೀದಸಾಬನ ಕೈ ಹಿಡಿದು ಬಹಳ ಹೊತ್ತು ಕುಲುಕಿದ, ಏನೇನೋ ಹೇಳಿದ.

"ಏನಂತಾನ್ರಿ?" ಶಾಮೀದಸಾಬ ಕೇಳಿದ.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ನಿನ್ನಂಥಾ ದರ್ಜಿ ಎಂಟು ದೇಶದಾಗ ಸಿಕ್ಕಿಲ್ಲಂತ. ನೀ ಹಾಕಿದ ಹೊಲಿಗಿ ಇನ್ನ ಹತ್ತು ವರ್ಷ ಬಿಚ್ಚಂಗಿಲ್ಲಂತ. ಅದಕ್ಕ..."

"ಅದಕ್ಕ?"

"ಅದಕ್ಕ ಇನ್ನ ದರ್ಜಿ ಬೇಕಾಗಿಲ್ಲಂತ. ಅಡಗಿಯಾಕಿ ಬೇಕಂತ."

ಶಾಮೀದಸಾಬ ಮೇಲೆ ನೋಡಿದ. ಇಳಿ ಅನ್ನಲು ಬಾಯಿ ತೆರೆದ. ಆ ಸೀಟು ತನ್ನದು, ಬೆಳಗಿನಿಂದ ಬೆವರು ಸುರಿಸಿ ಗಳಿಸಿದ್ದು ಎನ್ನಬೇಕೆಂದಿದ್ದ. ಆದರೆ ಲಾಲಬೀ ಬೆಂಚಿನ ಮೇಲೆ ಕಾಲು ಜೋತುಬಿಟ್ಟು ಕೂತಿದ್ದ ರೀತಿಯನ್ನು ಅವನು ಹಿಂದೆ ನೋಡಿರಲಿಲ್ಲ. ಕಣ್ಣು ಎಲ್ಲೋ ದೂರಕ್ಕೆ ನೆಟ್ಟಿತ್ತು. ಮಷೀನಿನ ಮುಂದೆ ಕೂತಾಗ ತನ್ನ ಮುಖ ಹೀಗೇ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಅಮ್ಮಾ, ಅಜ್ಮೀರಕ್ಕ ಹೋಗಬೇಕಂತ ನನಗ ಒಂದಿನಾನೂ ಹೇಳಿಲ್ಲಲ್ಲ?"

"ನಿಮ್ಮಪ್ಪ ಇದ್ದಾಗಿಂದ ಐತಿ ಬೇಟಾ ಆಸೆ. ಹೇಳಿದ್ರ ನೀ ಅಂಗಡಿ ಮುಚ್ಚಬೇಕಾಕ್ಕೈತಿ. ಅದಕ್ಕ ಹೇಳಲಿಲ್ಲ."

ಶಾಮೀದಸಾಬ ಕೊರಳ ಹಾರ ತೆಗೆದ. ಮಫ್ಲರು ಬಿಚ್ಚಿದ, ಸ್ವೆಟರು ಕಳಚಿದ, ಮಂಕಿ ಟೋಪಿ ತೆಗೆದ. ಒಂದೊಂದಾಗಿ ಎಲ್ಲವನ್ನೂ ಮೇಲಕ್ಕೆ ಕೊಟ್ಟ. "ಚಳಿ ಭಾಳ ಇರತೈತಂತ ಅಮ್ಮಾ. ಮೂಗು ಮುಚ್ಚಿಕೋ."

ಹೇಮಪ್ಪ ಓಡಿ ಹೋಗಿ ರುದ್ರಾಕ್ಷಿಯ ವಿಷಯವನ್ನು ಲಾಲಬೀಗೆ ಮೊದಲಿನಿಂದ ಹೇಳಿದ. ದ್ಯಾವಪ್ಪ ಇನ್ನೊಮ್ಮೆ ಸೆಲ್ಯೂಟ್ ಹೊಡೆದ. ಲಾರಿ ಕೆಮ್ಮಿ, ನಡುಗಿ, ಕುಷ್ಟಗಿಯ ದಾರಿ ಹಿಡಿಯಿತು. ಹಸಿರು ತಾಡಪತ್ರಿಯ ಕೆಳಗಿನಿಂದ ಮಂಕಿ ಟೋಪಿ ತೊಟ್ಟ ಪುಟ್ಟ ತಲೆಯೊಂದು ಹೊರಗೆ ಬಂದು, "ರಾತ್ರಿ ಅಗಳಿ ಸರಿಯಾಗಿ ಹಾಕ್ಕೊಳ್ಳೋ!" ಎಂದು ಕೂಗಿತು. ಆ ದನಿಗೆ ಎದುರು ಬರುತ್ತಿದ್ದ ಎತ್ತಿನ ಗಾಡಿ ನಿಂತಿತು.

ಧೂಳು ಅಡಗುವವರೆಗೂ ಶಾಮೀದಸಾಬ ರಸ್ತೆಯಲ್ಲೇ ನಿಂತಿದ್ದ. ಮಾಸ್ತರರು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು.

"ಬ್ಯಾಸರ ಮಾಡ್ಕೋಬ್ಯಾಡಪ್ಪಾ. ಮುಂದಿನ ವರ್ಷ ಮತ್ತ ಇದ ದಾರಿಲೆ ಬರ್ತಾರಂತ. ಹೋಗುವಾಗ ಡಂಕನ್ ಹೇಳಿದ."

ಶಾಮೀದಸಾಬನ ಕಣ್ಣುಗಳು ಬೆಳಗಿದವು. "ಹೌದೇನ್ರಿ? ಬಂದ್ರ ಕರಕೊಂಡು ಹೋಕ್ಕಾರಂತೇನು?"

"ಹ್ಞೂಂ, ಲಂಡನ್ ತನಕ," ಎಂದು ಹೇಳಿ ಮಾಸ್ತರರು ಬೇರೆ ಕಡೆ ನೋಡಿದರು. "ನಿಮ್ಮವ್ವನ್ನ. ಅಷ್ಟರಾಗ ಆಕಿದೊಂದು ಪಾಸ್‌ಪೋರ್ಟ್ ಮಾಡಿಸಿ ಇಡು ಅಂತ ನಿನಗ ಹೇಳ್ಯಾನ."

ಶಾಮೀದಸಾಬ ಕುಷ್ಟಗಿಯ ದಾರಿಯನ್ನು ಇನ್ನೊಮ್ಮೆ ನೋಡಿದ. ಲಾರಿ ಕಾಣುತ್ತಿರಲಿಲ್ಲ.

"ಅದರ ಅರ್ಜಿ ಎಲ್ಲಿ ಸಿಗತೈತ್ರಿ, ಮಾಸ್ತರ್ರ?" ಎಂದ.