ಕಿವಿಹಾಲೆಗೆ ಎರಡು ಅಂಕ

ಇಂದ:
ಜೀವಶಾಸ್ತ್ರ ಶಿಕ್ಷಕಿ,
ಮೆಟ್ಟಿಲ ಕೆಳಗಿನ ಪ್ರಯೋಗಾಲಯ.

ಗೆ:
ಮುಖ್ಯೋಪಾಧ್ಯಾಯರು ಹಾಗೂ ಪ್ರಶ್ನೆಪತ್ರಿಕೆ, ಉತ್ತರಸೂಚಿಗಳೆರಡರ ಕರ್ತೃಗಳು,
ಮೆಟ್ಟಿಲ ಮೇಲಿನ ಕೊಠಡಿ.

ವಿಷಯ: ತಪ್ಪು ಉತ್ತರ ಬರೆದ ವಿದ್ಯಾರ್ಥಿನಿಗೆ ಪೂರ್ಣ ಅಂಕ ನೀಡುವ ಕುರಿತು.

ಉಲ್ಲೇಖ: ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆ ೧೭, ಮತ್ತು "ಪಾಠ ಜೀವನಕ್ಕೆ ಹತ್ತಿರವಾಗಿರಲಿ" ಎಂಬ ತಮ್ಮ ಸುತ್ತೋಲೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಸುತ್ತೋಲೆಯನ್ನು ಸಿಬ್ಬಂದಿಯಲ್ಲಿ ಓದಿದವಳು ಅರ್ಜಿದಾರಳೊಬ್ಬಳೇ. ಆದಕಾರಣ ಅನುವಂಶೀಯತೆಯ ಪಾಠವನ್ನು ಆಕೆ ಬಟಾಣಿ ಗಿಡದಿಂದ ಬಿಡಿಸಿ ಜವಾನರ ಬೆಕ್ಕಿಗೆ ತಂದಳು. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಎಂದು ಕಲಿಸಿದಳು. "ನಮ್ಮ ಪೈಲ್ವಾನ ಗಂಡು, ಟೀಚರ್. ಬರೆದು ಕೊಡ್ತೀನಿ" ಎಂದರು ಜವಾನರು. ಹನ್ನೊಂದನೆಯ ದಿನ ಪೈಲ್ವಾನ ತಮ್ಮ ಕಡತಗಳ ಕಪಾಟಿನಲ್ಲಿ ನಾಲ್ಕು ಮರಿ ಹಾಕಿತು. ಅಂದಿನಿಂದ ತರಗತಿಗೆ ತರಗತಿಯೇ ಅರ್ಜಿದಾರಳ ಮಾತನ್ನು ನಂಬತೊಡಗಿತು. ಅನಾಹುತಕ್ಕೆ ನಾಂದಿಯಾದದ್ದು ಇದೇ.

೨. ಆದ್ದರಿಂದ ಉಬ್ಬಿಹೋದ ಅರ್ಜಿದಾರಳು ಮನುಷ್ಯರಿಗೆ ಕೈ ಹಾಕಿದಳು. ಮನೆಯವರೆಲ್ಲರ ಕಿವಿ ನೋಡಿ ಪಟ್ಟಿ ಮಾಡಿಕೊಂಡು ಬರಲು ಹೇಳಿದಳು. ಪಠ್ಯದ ಪ್ರಕಾರ ಜೋಲುವ ಹಾಲೆ ಪ್ರಬಲ ಗುಣ, ಕೆನ್ನೆಗೆ ಅಂಟಿದ ಹಾಲೆ ದುರ್ಬಲ ಗುಣ. ತಂದೆತಾಯಿ ಇಬ್ಬರದೂ ಅಂಟಿದ್ದರೆ ಮಗುವಿನದು ಜೋಲುವಂತಿಲ್ಲ. ಕಿವಿ ಅಷ್ಟು ಸರಳವಲ್ಲ, ಹಲವು ವಂಶವಾಹಿಗಳು ಸೇರಿ ಅದನ್ನು ರೂಪಿಸುತ್ತವೆ ಎಂಬುದು ಅರ್ಜಿದಾರಳಿಗೆ ಗೊತ್ತಿತ್ತು. ಆದರೆ ಪರೀಕ್ಷೆಗೆ ಬರುವುದು ಸರಳವಾದದ್ದೇ ಆದ ಕಾರಣ ಬಾಯಿ ಮುಚ್ಚಿಕೊಂಡಿದ್ದಳು.

೩. ಎರಡನೆಯ ಬೆಂಚಿನ ಹುಡುಗಿ ಪಟ್ಟಿ ತಂದಳು. ಅಪ್ಪ: ಅಂಟಿದೆ. ಅಮ್ಮ: ಅಂಟಿದೆ. ನಾನು: ಜೋಲುತ್ತಿದೆ. "ಟೀಚರ್, ನಾನು ಲೆಕ್ಕಕ್ಕೇ ಬರ್ತಿಲ್ವಲ್ಲ" ಎಂದಳು. ಹಿಂದಿನ ಬೆಂಚಿನವರು ನಕ್ಕರು. ಅರ್ಜಿದಾರಳು ಗಂಟೆ ಹೊಡೆಯುವವರೆಗೆ ಕರಿಹಲಗೆ ಒರೆಸಿದಳು.

೪. ಹುಡುಗಿಯ ತಂದೆ ಗಡಿಯಾರ ರಿಪೇರಿಯವರು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯಲ್ಲಿ ಮಗಳ ಕಿವಿ ಪರೀಕ್ಷಿಸಿದರು. ತಾಯಿ ಮೊದಲು ಬಿದ್ದು ಬಿದ್ದು ನಕ್ಕರು. ಗಂಡ ನಗದಿರುವುದನ್ನು ಕಂಡು ಮಾತು ಬಿಟ್ಟರು. ಈಗ ಆ ಮನೆಯಲ್ಲಿ ಉಪ್ಪು ಬೇಕಾದರೂ ಹುಡುಗಿಯೇ ಇಬ್ಬರ ನಡುವೆ ಓಡಾಡಬೇಕು. ಅರ್ಜಿದಾರಳು ಅಂಗಡಿಗೇ ಹೋಗಿ ತಪ್ಪೊಪ್ಪಿಕೊಂಡಳು.

"ಹಾಗಾದ್ರೆ ಪುಸ್ತಕ ಸುಳ್ಳು ಹೇಳುತ್ತಾ, ಟೀಚರ್?"

"ಸುಳ್ಳಲ್ಲ, ಅಣ್ಣ. ಮಕ್ಕಳಿಗೆ ಸುಲಭ ಮಾಡಿ ಹೇಳುತ್ತೆ."

"ನೀವು ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ. ಪರೀಕ್ಷೆ ಪೇಪರ್ ಬರ್ಲಿ. ಅದ್ರಲ್ಲಿ ಏನಿರುತ್ತೋ ಅದನ್ನ ನಂಬ್ತೀನಿ."

೫. ತಾವು ಹುಡುಕಿ ಹುಡುಕಿ ಅದನ್ನೇ ಕೇಳಿದ್ದೀರಿ. ಪ್ರಶ್ನೆ ೧೭: ಅಂಟಿದ ಹಾಲೆಯ ದಂಪತಿಗೆ ಜೋಲುವ ಹಾಲೆಯ ಮಗು ಹುಟ್ಟುವುದು ಸಾಧ್ಯವೇ? ಉತ್ತರಸೂಚಿ: ಸಾಧ್ಯವಿಲ್ಲ. ಹುಡುಗಿಯ ಉತ್ತರ: "ಸಾಧ್ಯ. ನಾನು ಹುಟ್ಟಿದ್ದೇನೆ."

೬. ಇದಕ್ಕೆ ಸೊನ್ನೆ ಹಾಕಿದರೆ, ಆಕೆ ತನ್ನಪ್ಪನ ಮಗಳಲ್ಲ ಎಂಬುದಕ್ಕೆ ಶಾಲೆಯ ಮೊಹರು ಬಿದ್ದ ದಾಖಲೆಯೇ ಸೋಮವಾರ ಆ ಮನೆ ಸೇರುತ್ತದೆ. ಅರ್ಜಿದಾರಳಿಗೆ ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಹುಡುಗಿಯ ಮುಖ ನೋಡಲು ಭಯವಾಗುತ್ತಿದೆ.

೭. ಸೂಚಿ ಎಂದರೆ ಸೂಚಿ, ಬದಲಿಸಲಾಗದು ಎಂದು ತಾವು ಮೌಖಿಕವಾಗಿ ತಿಳಿಸಿರುವ ಕಾರಣ, ವಿನಯಪೂರ್ವಕವಾಗಿ ಗಮನಕ್ಕೆ ತರುವುದೇನೆಂದರೆ, ತಮ್ಮ ಎಡಗಿವಿಯ ಹಾಲೆ ಅಂಟಿದೆ, ಬಲಗಿವಿಯದು ಜೋಲುತ್ತಿದೆ. ಸದರಿ ಸೂಚಿಯ ಪ್ರಕಾರ ತಾವು ಇಬ್ಬರು. ಹಾಜರಿ ಪುಸ್ತಕದಲ್ಲಿ ಒಬ್ಬರದೇ ಸಹಿ ಇದೆ.

ಆದ್ದರಿಂದ, ಪ್ರಶ್ನೆ ೧೭ಕ್ಕೆ ಎರಡು ಅಂಕ ದಯಪಾಲಿಸಿ, ಪಕ್ಕದಲ್ಲಿ "ಸರಿ" ಎಂದು ತಮ್ಮ ಕೈಯಿಂದಲೇ ಬರೆಯಬೇಕೆಂದು ಪ್ರಾರ್ಥನೆ. ಅರ್ಜಿದಾರಳ ಕೈಬರಹವನ್ನು ಗಡಿಯಾರದವರು ಇನ್ನು ನಂಬುವುದಿಲ್ಲ.

ಸದ್ಯಕ್ಕಂತೂ ತಮ್ಮ ವಿಶ್ವಾಸಿ,
ಜೀವಶಾಸ್ತ್ರ ಶಿಕ್ಷಕಿ

ಲಗತ್ತುಗಳು:
೧. ಉತ್ತರಪತ್ರಿಕೆ, ಮೂಲಪ್ರತಿ.
೨. ಹುಡುಗಿಯ ಪಟ್ಟಿ. "ಅಪ್ಪ" ಎಂಬುದನ್ನು ರಬ್ಬರಿನಿಂದ ಅಳಿಸಿ ಮತ್ತೆ ಬರೆಯಲಾಗಿದೆ.
೩. ತಮ್ಮ ಕಿವಿಗಳ ರೇಖಾಚಿತ್ರ, ಎರಡು. ಸಿಬ್ಬಂದಿ ಸಭೆಯಲ್ಲಿ ತಾವು ಶಿಸ್ತಿನ ಬಗ್ಗೆ ಮಾತನಾಡುತ್ತಿದ್ದಾಗ ಬಿಡಿಸಿದ್ದು.

ವಿ.ಸೂ.: ಮನವಿ ತಿರಸ್ಕೃತವಾದಲ್ಲಿ, ಸೋಮವಾರ ಉತ್ತರಪತ್ರಿಕೆಯನ್ನು ಆ ಹುಡುಗಿಯ ಕೈಗೆ ತಾವೇ ಕೊಡಬೇಕಾಗಿ ಕೋರಿಕೆ. ಆಕೆ ಏನಾದರೂ ಕೇಳಿದರೆ ಉತ್ತರವನ್ನೂ ತಾವೇ ಹೇಳುವುದು.