ಹಳುಕಿನ ನೆಲ

ಎಲ್ಲರೂ ಮರೆತ ಪದವೊಂದು ಸಿಕ್ಕರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವುದು ಕಷ್ಟ. ಹೊಸ ಅಂಗಿ ತೊಟ್ಟವನಂತೆ ನಾಲ್ಕು ಮಂದಿಯ ನಡುವೆ ಸುಳಿದಾಡಬೇಕೆನಿಸುತ್ತದೆ. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ನನಗೆ ಈ ಚಟ ತುಸು ಹೆಚ್ಚು.

ಮನೆ ಕಟ್ಟಿಸಿದಾಗ ಪಡಸಾಲೆಗೆ ಬಣ್ಣಬಣ್ಣದ ಟೈಲ್ಸ್ ತುಣುಕುಗಳ ಮೊಸಾಯಿಕ್ ನೆಲ ಹಾಕಿಸಿದೆ. ತುಣುಕುಗಳನ್ನು ಅಂಗಡಿ ಅಂಗಡಿ ಅಲೆದು ನಾನೇ ಆರಿಸಿ ತಂದಿದ್ದೆ. ಅಂಥ ಒಂದು ತುಣುಕಿಗೆ ಕನ್ನಡದಲ್ಲಿ ಏನನ್ನಬೇಕು? ಹಳೆಯ ನಿಘಂಟು ತಿರುವಿದಾಗ ‘ಹಳುಕು’ ಸಿಕ್ಕಿತು. ಹರಳಿನಂಥ ಚೂರು ಎಂದರ್ಥ.

‘ಚೂರು ಅಂದ್ರ ನೆಲ ಸಿಟ್ಟಾಗ್ತೈತೇನ್ರಿ?’ ಎಂದಳು ಹೆಂಡತಿ ಶಾಂತಾ. ನಾನು ಬಿಡಲಿಲ್ಲ.

ಆಗಲೇ ಮಗಳು ಸುಮಿತ್ರಾಳನ್ನು ನೋಡಲು ಬಸವನ ಬಾಗೇವಾಡಿಯಿಂದ ಬೀಗತನದವರು ಬಂದರು. ಸುಮಿತ್ರಾ ಸಿಂದಗಿಯಲ್ಲಿ ದನದ ಡಾಕ್ಟರು. ಹುಡುಗ ಅವಳಿಗೆ ಮೊದಲೇ ಪರಿಚಯ, ಮನಸ್ಸಿಗೂ ಬಂದಿದ್ದ. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಹುಡುಗನ ತಾಯಿ ಗಂಗಮ್ಮ ಚಹಾ ಹಿಡಿದು ನೆಲ ನೋಡುತ್ತಿದ್ದರು. ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. ನನ್ನ ಪದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬರುವಂತಿರಲಿಲ್ಲ.

‘ನಮ್ಮ ಮನ್ಯಾಗ ಹಳುಕ ಭಾಳ ಅದಾವ್ರಿ’ ಎಂದೆ.

ಗಂಗಮ್ಮ ಎತ್ತಿದ ಚಹಾದ ಲೋಟ ತುಟಿಯ ಬಳಿಯೇ ನಿಂತಿತು. ‘ಎಲ್ಲಾರ ಮನ್ಯಾಗೂ ಇರ್ತಾವ ಬಿಡ್ರಿ’ ಎಂದರು ಮೆಲ್ಲಗೆ.

‘ಹಂಗಲ್ರಿ, ನಮ್ಮಷ್ಟು ಯಾರ ಮನ್ಯಾಗೂ ಇಲ್ಲ. ನಾನ ಒಂದೊಂದ ಆರಿಸಿ ಕೂಡಿಸೇನಿ. ಒರಸಿದಷ್ಟೂ ಎದ್ದ ಕಾಣ್ತಾವ.’

ಅವರು ಬೇಗನೆ ಎದ್ದು ಹೋದರು. ಅವರ ಗಾಡಿ ತಿರುವು ದಾಟಿದ ಮೇಲೆ ಶಾಂತಾ ಹೇಳಿದಳು: ‘ಅವರಿಗೆ ಹುಳುಕ ಅಂತ ಕೇಳ್ಸೇತ್ರಿ.’ ರಾತ್ರಿ ಸುಮಿತ್ರಾ ಊಟದ ತಟ್ಟೆಯನ್ನು ಮುಟ್ಟದೆ ಸರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಮುಖ ನೋಡಿದಾಗ, ಒಂದು ಅಕ್ಷರದ ಕೊಂಬಿಗೆ ಇಷ್ಟು ಇರಿಯುವ ಶಕ್ತಿಯಿದೆಯೆಂದು ಮೊದಲ ಬಾರಿ ತಿಳಿಯಿತು.

ಮರುದಿನ ಬಾಗೇವಾಡಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಿವರಣೆಯನ್ನು ಒಪ್ಪ ಮಾಡಿಕೊಂಡೆ. ಆದರೆ ಗಂಗಮ್ಮ ನನಗೆ ಬಾಯಿ ತೆರೆಯಲು ಬಿಡಲಿಲ್ಲ.

‘ಸರ್, ನಾವು ಭಾಳ ಮನಿ ನೋಡಿ ಬಂದೇವ್ರಿ. ಎಲ್ಲಾರೂ ತಮ್ಮದ ಛಲೋ ಅಂತಾರ. ನಮ್ಮ ಮನ್ಯಾಗ ಹುಳುಕ ಐತಿ, ನಾನ ಕೂಡಿಸೇನಿ ಅಂದವ್ರು ನೀವೊಬ್ಬರ. ನಿನ್ನೆ ಗಾಬರಿ ಆದ್ವಿ ಖರೆ. ಮನಿಗೆ ಬಂದು ಮಾತಾಡಿದ ಮ್ಯಾಲ, ಇಂಥಾ ಅಪ್ಪನ ಮಗಳು ನಮಗ ಸುಳ್ಳ ಹೇಳೂದಿಲ್ಲ ಅನ್ನಿಸ್ತು. ನಮಗ ಒಪ್ಪಿಗಿ ಐತ್ರಿ. ಅಂದಂಗ, ನೀವು ಏನೋ ಹೇಳಾಕ ಬಂದಿದ್ರಿ?’

ನಿಘಂಟು ನಾಲಿಗೆಯ ತುದಿಯಲ್ಲಿತ್ತು. ಸುಮಿತ್ರಾಳ ಮುಖವೂ ಕಣ್ಣ ಮುಂದಿತ್ತು. ‘ಏನಿಲ್ರಿ’ ಎಂದು ನುಂಗಿಕೊಂಡೆ.

‘ಮತ್ತ, ಎಂಥಾ ಹುಳುಕ ಅದಾವ, ಹೇಳಿಬಿಡ್ರಿ. ನಾವೇನ ತಪ್ಪ ತಿಳಿಯೂದಿಲ್ಲ.’

ಈಗ ಫಜೀತಿಯಾಯಿತು. ಇಲ್ಲದ ಹುಳುಕನ್ನು ಎಲ್ಲಿಂದ ತರುವುದು? ಏನಾದರೂ ಕಟ್ಟಿ ಹೇಳಿದರಾಯಿತೆಂದು ಶುರು ಮಾಡಿದೆ. ಮನೆಗೆ ಬಂದವರ ಮಾತನ್ನೂ ತಿದ್ದುತ್ತೇನೆ ಎಂದೆ. ಹೆಂಡತಿ ಹೇಳುವುದನ್ನು ಪೂರ್ತಿ ಕೇಳುವುದಿಲ್ಲ ಎಂದೆ. ಮಗಳ ಮದುವೆಯ ಮಾತಿನಲ್ಲೂ ನನ್ನ ಜಾಣತನವೇ ಮುಂದೆ ನಿಲ್ಲಬೇಕು ಎಂದೆ. ಗಂಗಮ್ಮ ತಲೆಯಾಡಿಸುತ್ತ ಕೇಳುತ್ತಿದ್ದರು. ‘ಸರ್, ಕಡೀ ಬಸ್ಸ ಹೋಗ್ತೈತಿ ನೋಡ್ರಿ’ ಎಂದು ಅವರೇ ಎಬ್ಬಿಸುವವರೆಗೂ ನಾನು ಹೇಳುತ್ತಲೇ ಇದ್ದೆ. ಕಟ್ಟಿ ಹೇಳುವ ಪ್ರಸಂಗ ಒಮ್ಮೆಯೂ ಬರಲಿಲ್ಲ.