ಕರೆಂಟ್ ಹೋದಾಗ ಬೇಕಾದ ಒಲೆ

ನಮ್ಮ ಮನೆಗೆ ಯಾವ ಸಾಮಾನೂ ಸುಸೂತ್ರವಾಗಿ ಬಂದ ದಾಖಲೆಯಿಲ್ಲ. ಮಗಳ ಹಳೇ ಸೈಕಲ್ ಮಾರೋಕೆ ಹೋಗಿ, ಕೊಳ್ಳೋಕೆ ಬಂದವರ ಸೈಕಲ್ಲನ್ನೂ ನಾವೇ ಕೊಂಡು ತಂದವರು ನಾವು. ಇದು ನಮ್ಮ ಜಾತಕದಲ್ಲೇ ಇರಬೇಕು. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಒಲೆಯ ಹಿಂದೆ ಬಿದ್ದಾಗ ಆದದ್ದನ್ನೇ ಕೇಳಿ.

ಛತ್ರಿ ಸಿದ್ಧಾಂತ

ಅಕ್ಟೋಬರ್ ತಿಂಗಳು. ಟೆಕ್ಸಸ್‌ನ ಸೀಡರ್ ಪಾರ್ಕ್ ಅನ್ನೋ ಊರಿನ ನಮ್ಮ ಮನೆಯಲ್ಲಿ ಏಸಿ ಬುಸುಗುಟ್ಟುತ್ತಿತ್ತು. ನಾನು ಬನಿಯನ್ನಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದೆ. ಹೆಂಡತಿ ಧಾರವಾಡದವಳು. ಫೋನ್ ಹಿಡಿದು ಓಡಿ ಬಂದಳು.

"ರೀ, ನೋಡ್ರಿ ಇಲ್ಲೆ! ಪೆಲೆಟ್ ಒಲಿ! ಸೆಕೆಂಡ್ ಹ್ಯಾಂಡ್, ಆದ್ರ ಎಷ್ಟ್ ಛಲೋ ಇಟ್ಟಾರ! ಮನಿ ಬೆಚ್ಚಗ ಮಾಡ್ತದಂತ!"

ಚಿತ್ರದಲ್ಲಿ ಕಪ್ಪು ಕಬ್ಬಿಣದ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೆ ಕೆಂಪಗೆ ಉರಿಯುವ ಬೆಂಕಿ. ಮರದ ಹೊಟ್ಟನ್ನು ಒತ್ತಿ, ಪೆನ್ಸಿಲ್ ಮುರಿದ ಚೂರುಗಳ ಹಾಗೆ ಮಾಡಿರುತ್ತಾರಲ್ಲ, ಆ ಪೆಲೆಟ್ ಸುರಿದರೆ ಸಾಕು, ಒಲೆ ತಾನೇ ಉರಿಯುತ್ತದಂತೆ.

ನನಗೂ ಆಸೆಯಾಯಿತು. ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಹಿಮ ಬಿದ್ದು ಇಲ್ಲಿ ಊರಿಗೆ ಊರೇ ಕತ್ತಲಾಗಿತ್ತು. ನಮ್ಮ ಹೀಟರ್ ಗ್ಯಾಸಿನದು, ಆದರೆ ಬಿಸಿಗಾಳಿ ಊದುವ ಫ್ಯಾನಿಗೆ ಕರೆಂಟ್ ಬೇಕು. ಮೂವರೂ ಕೋಟು ಟೋಪಿ ಹಾಕಿಕೊಂಡು ಒಂದೇ ರಗ್ಗಿನಡಿ ಮುದುರಿಕೊಂಡಿದ್ದೆವು. ಮಗಳ ಪುಟ್ಟ ಕೈ ಎಷ್ಟು ಉಜ್ಜಿದರೂ ಬಿಸಿಯಾಗಿರಲಿಲ್ಲ. ಅವತ್ತಿನಿಂದ ಹೆಂಡತಿಗೆ ಚಳಿ ಅಂದರೆ ವೈರಿ.

ಆದರೂ ಕೇಳಿದೆ, "ಅಲ್ವೇ, ಹೊರಗೆ ಬೆಂಕಿ ಸುರೀತಿದೆ. ಈಗ ಒಲೆ ಯಾಕೆ?"

"ಮತ್ತ, ಛತ್ರಿ ತೊಯ್ಸ್ಕೊಂಡ್ ಬಂದ್ ಮ್ಯಾಲೆ ತಗೊಳ್ಳೂದೇನ್ರೀ?"

ನಾನು ಮಜ್ಜಿಗೆ ಕೆಳಗಿಟ್ಟೆ.

ತಜ್ಞರ ಸಲಹೆ

ಮರುದಿನ ಆಫೀಸಿನಲ್ಲಿ ವಿಷಯ ಬಾಯಿಬಿಟ್ಟೆ. ನಮ್ಮ ಆಫೀಸು ಇರೋದು ದ ಡೊಮೇನ್ ಅನ್ನೋ ದೊಡ್ಡ ಮಾಲ್‌ನಲ್ಲಿ. ಕೆಳಗಡೆ ಅಂಗಡಿ ಸಾಲು, ಮೇಲೆ ನಾವು. ನಮ್ಮದು ಚಿಪ್ ಡಿಸೈನ್ ಕೆಲಸ. ಊಟದ ಮೇಜಿನಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಕೇಳಬೇಕೆ?

ಒಬ್ಬ, "ಪೈಪನ್ನ ಗೋಡೆ ತೂತು ಮಾಡಿ ಹೊರಗೆ ಬಿಡಬೇಕು, ಮನೆ ಸೊಸೈಟಿಯವರು ಒಪ್ಪಲ್ಲ" ಅಂದ. ಇನ್ನೊಬ್ಬ, "ಒಪ್ಪಿಸೋಣ, ಮೊದಲು ಬಿಸಿಗಾಳಿ ಹೇಗೆ ಹರಿಯುತ್ತೆ ನೋಡೋಣ" ಅಂತ ಪೇಪರ್ ಟವೆಲ್ ಮೇಲೆ ನಮ್ಮ ಮನೆಯ ನಕ್ಷೆ ಬರೆದು, ಬಾಣ ಹಾಕಿ, ಒಲೆಯನ್ನು ನಮ್ಮ ದೇವರಮನೆಯಲ್ಲಿ ಇಟ್ಟ. ವಾದ ಏರಿತು. ಅಕ್ಕಿರೊಟ್ಟಿ ಆರಿತು.

ಎಲ್ಲರಿಗಿಂತ ಹಿರಿಯರು, ಮೈಸೂರಿನವರು, ಅಲ್ಲಿಯವರೆಗೆ ಸುಮ್ಮನೆ ಮೊಸರನ್ನ ತಿನ್ನುತ್ತಿದ್ದರು. ಡಬ್ಬಿ ಮುಚ್ಚಿ ಹೇಳಿದರು:

"ನೋಡಪ್ಪಾ, ಜೀವಮಾನವೆಲ್ಲಾ ಚಿಪ್ಪಿನ ಬಿಸಿ ಹೇಗೆ ಇಳಿಸೋದು ಅಂತ ತಲೆ ಕೆಡಿಸಿಕೊಂಡವರು ನಾವು. ಬಿಸಿ ಹೇಗೆ ಏರಿಸೋದು ಅಂತ ಕೇಳಿದ ಮೊದಲನೇ ಮನುಷ್ಯ ನೀನು. ಅದಕ್ಕೆ ಒಲೆ ಯಾಕೆ? ನೀನು ಡಿಸೈನ್ ಮಾಡಿದ ಚಿಪ್ಪನ್ನೇ ತಗೊಂಡು ಹೋಗಿ ಮನೇಲಿ ಆನ್ ಮಾಡು!"

ಕುದುರೆ ಎಷ್ಟಿವೆ?

ಒಲೆ ಕೊಳ್ಳುವ ಮೊದಲು ಪೆಲೆಟ್ ಇಲ್ಲಿ ಸಿಗುತ್ತದೋ ನೋಡಬೇಕಲ್ಲ. ಶನಿವಾರ ಊರಾಚೆಯ ಒಂದು ಅಂಗಡಿಗೆ ಡ್ರೈವ್ ಮಾಡಿದೆವು. ಬೇಲಿ ತಂತಿ, ಹುಲ್ಲಿನ ಕಂತೆ, ದನಕರುಗಳ ಮೇವು ಮಾರುವ ಅಂಗಡಿ. ಊರಿಂದ ಬಂದಿದ್ದ ನಮ್ಮತ್ತೆಯೂ ಜೊತೆಗಿದ್ದರು. ಮೂಟೆಗಳ ನಡುವೆ ಅವರಿಗೆ ತವರಿಗೆ ಬಂದಷ್ಟು ಖುಷಿ.

ಕೌಬಾಯ್ ಟೋಪಿ ಹಾಕಿದ ಅಂಗಡಿಯವನು ಬಂದ. "ಮರದ ಪೆಲೆಟ್ ಇದೆಯಾ?" ಅಂದೆ.

"ಬೇಕಾದಷ್ಟಿದೆ! ಕುದುರೆ ಎಷ್ಟಿವೆ?"

"ಕುದುರೆ?"

"ಲಾಯದಲ್ಲಿ ನೆಲಕ್ಕೆ ಹಾಸೋಕಲ್ವಾ?"

"ಇಲ್ಲ ಇಲ್ಲ, ನಮ್ಮಲ್ಲಿ ಕುದುರೆ ಇಲ್ಲ. ಇದು ಸುಡೋಕೆ."

ಅವನ ಮುಖ ಅರಳಿತು. "ಓಹೋ, ಬಾರ್ಬೆಕ್ಯೂ! ಮೊದಲೇ ಹೇಳಬಾರದಾ!" ಅಂತ ನನ್ನ ಹೆಗಲಿಗೆ ಕೈಹಾಕಿ ಇನ್ನೊಂದು ಸಾಲಿಗೆ ಕರೆದೊಯ್ದ. ಯಾವ ಮರದ ಹೊಗೆ ಹಂದಿಮಾಂಸಕ್ಕೆ, ಯಾವುದು ದನದ ಮಾಂಸಕ್ಕೆ ಅಂತ ಕಣ್ಣುಮುಚ್ಚಿ, ರುಚಿ ನೆನೆದು ನೆನೆದು ವರ್ಣಿಸಿದ. ಅವನ ಉತ್ಸಾಹಕ್ಕೆ ತಣ್ಣೀರು ಎರಚಲು ನನಗೆ ಮನಸ್ಸು ಬರಲಿಲ್ಲ. ಹೆಂಡತಿಯೇ ಮೆಲ್ಲಗೆ, "ನಾವು ಸಸ್ಯಾಹಾರಿಗಳು" ಅಂದಳು.

ಅವನು ಕೈ ತೆಗೆದ. ಟೋಪಿಯನ್ನೂ ತೆಗೆದು ತಲೆ ಕೆರೆದುಕೊಂಡ. "ಕುದುರೆ ಇಲ್ಲ. ಮಾಂಸ ತಿನ್ನಲ್ಲ. ಮತ್ತೆ ಟೆಕ್ಸಸ್‌ಗೆ ಯಾಕೆ ಬಂದ್ರಿ?"

ಅಷ್ಟರಲ್ಲಿ ಅತ್ತೆ ಪೆಲೆಟ್ ಮೂಟೆಯ ಪಕ್ಕದ ಮೇವಿನ ಮೂಟೆ ಮೂಸಿ ನೋಡಿ ಕೂಗಿದರು: "ಅಳಿಯಂದಿರ, ಇಲ್ಲೆ ಹಿಂಡಿ ಭಾಳ ಛಲೋ ಅದ ನೋಡ್ರಿ. ಒಲಿ ಬ್ಯಾಡ, ಒಂದು ಎಮ್ಮಿ ತಗೊಂಡ್ಬಿಡ್ರಿ!"

ಒಲೆ ನೋಡುವ ಶಾಸ್ತ್ರ

ಪೆಲೆಟ್ ಸಿಗುತ್ತದೆ ಅಂತ ಖಾತ್ರಿಯಾದ ಮೇಲೆ ಒಲೆ ನೋಡಲು ಹೊರಟೆವು. ಇವಳು ಹೊಸ ಸೀರೆ ಉಟ್ಟಿದ್ದಳು. "ಒಲೆ ನೋಡೋಕೆ ಸೀರೆ ಯಾಕೆ?" ಅಂದರೆ, "ಲಕ್ಷ್ಮಿ ಮನಿಗೆ ಬರೂವಾಗ ನೈಟಿ ಹಾಕ್ಕೋಬೇಕೇನ್ರಿ?" ಅಂದಳು.

ಮಾರುವವರು ವಯಸ್ಸಾದ ಅಮೆರಿಕನ್. ಚಳಿ ಪ್ರದೇಶದಿಂದ ಟೆಕ್ಸಸ್‌ಗೆ ಬರುವಾಗ ಒಲೆಯನ್ನೂ ಹೊತ್ತು ತಂದು ಕೂರಿಸಿಕೊಂಡಿದ್ದರು. ಒಲೆಯ ಮೇಲೆ ಅವರಿಗೆ ಎಷ್ಟು ಪ್ರೀತಿ ಅಂದರೆ ಪ್ರಶ್ನೆಯೆಲ್ಲ ಅವರದೇ. ಬೂದಿ ದಿನಾ ತೆಗೀತೀರಾ? ಗಾಜು ಒರೆಸ್ತೀರಾ? ಪೆಲೆಟ್ ಒದ್ದೆಯಾಗದ ಹಾಗೆ ಇಡೋಕೆ ಜಾಗ ಇದೆಯಾ? ಅತ್ತೆ, ಇವಳು, ನಾನು ಮೂವರೂ ಸೋಫಾದ ತುದಿಯಲ್ಲಿ ಕೂತು ಹೂಂ ಹೂಂ ಅಂದೆವು.

ಅತ್ತೆ ಇವಳ ಕಿವಿಯಲ್ಲಿ, "ಇಷ್ಟ್ ಛಲೋ ಇದ್ರ ಯಾಕ ಮಾರ್ಲಿಕತ್ತಾರ, ಕೇಳು" ಅಂದರು.

ಕೇಳುವಷ್ಟರಲ್ಲಿ ಅವರು ಒಲೆ ಹಚ್ಚಿಬಿಟ್ಟರು. ಪೆಲೆಟ್ ಟಪಟಪ ಉದುರಿತು, ಒಳಗೆ ಕೆಂಪಗಾಯಿತು, ಆಮೇಲೆ ಭಗ್ ಅಂತ ಜ್ವಾಲೆ! ಬಿಸಿಗಾಳಿ ಮುಖಕ್ಕೆ ರಾಚಿತು. ಹೊರಗೆ ಸುಡುಬಿಸಿಲು, ಒಳಗೆ ಬೆಂಕಿ. ಬೆವರು ಧಾರಾಕಾರ. ಆದರೂ ಇವಳು ಕೈಯೊಡ್ಡಿ, "ಆಹಾ, ಎಷ್ಟ್ ಬೆಚ್ಚಗ ಅದ ರೀ!" ಅಂತ ಕುಣಿದಳು. ನಾನೂ ಶರ್ಟಿನ ಗುಂಡಿ ಬಿಚ್ಚುತ್ತಾ, "ತಗೊಳ್ಳೋಣ, ತಗೊಳ್ಳೋಣ" ಅಂದೆ.

ಅದೇ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ಹೇರ್ ಡ್ರೈಯರ್ ಹಾಕಿದರು. ಟಪ್! ಫ್ಯೂಸು ಹೋಯಿತು. ದೀಪ ಆರಿತು. ಒಲೆಯ ಫ್ಯಾನ್ ನಿಂತಿತು. ಪೆಲೆಟ್ ಉದುರುವುದು ನಿಂತಿತು. ಬೆಂಕಿ ಮಂಕಾಗಿ, ಸಂದಿಯಿಂದ ಸಣ್ಣಗೆ ಹೊಗೆ ಬಂತು.

"ಯಾಕೆ ನಿಂತುಹೋಯ್ತು?" ಅಂದೆ.

"ಕರೆಂಟ್ ಇಲ್ಲವಲ್ಲ."

"ಇದಕ್ಕೂ ಕರೆಂಟ್ ಬೇಕಾ? ನಾವು ಕೊಳ್ತಿರೋದೇ ಕರೆಂಟ್ ಹೋದಾಗ ಬೇಕು ಅಂತ!"

ಅವರು ಒಂದು ಚೂರೂ ವಿಚಲಿತರಾಗಲಿಲ್ಲ. "ಯೋಚನೆ ಮಾಡಬೇಡಿ. ಅದಕ್ಕೆ ಗ್ಯಾರೇಜಿನಲ್ಲಿ ಜನರೇಟರ್ ಇದೆ. ಅದನ್ನೂ ಮಾರ್ತಿದ್ದೀನಿ."

ಇವಳು ಕಣ್ಣು ಕಿರಿದು ಮಾಡಿ ಯೋಚಿಸಿದಳು. "ಜನರೇಟರ್ ಇದ್ರ ನಮ್ಮ ಮನಿ ಹೀಟರ್ ಫ್ಯಾನ್ ತಿರಗ್ತದಲ್ಲಾ? ಮತ್ತ ಒಲಿ ಯಾಕ?" ಅಂತ ನನಗೆ ಹೇಳಿ, ಅವರಿಗೂ ಇಂಗ್ಲಿಷಿನಲ್ಲಿ ಹೇಳಿದಳು.

ಒಳಗಿನಿಂದ ಒದ್ದೆ ಕೂದಲಲ್ಲೇ ಅವರ ಹೆಂಡತಿ ಓಡಿ ಬಂದು ಇವಳನ್ನು ತಬ್ಬಿಕೊಂಡು ಅಂದರು: "ಮದುವೆಯಾದಾಗಿನಿಂದ ನಾನು ಹೇಳ್ತಿರೋದೂ ಅದೇ!"

ಕರೆಂಟಿಗಾಗಿ ಕಾದದ್ದು

ಒಲೆ ಅಲ್ಲೇ ಉಳಿಯಿತು, ಜನರೇಟರ್ ನಮ್ಮ ಮನೆಗೆ ಬಂತು. ಎಲೆಕ್ಟ್ರಿಷಿಯನ್ ಬಂದು, ಮನೆಯ ಹೊರಗೆ ಅದನ್ನಿಟ್ಟು ಹೀಟರಿಗೆ ಜೋಡಿಸುವ ವ್ಯವಸ್ಥೆ ಮಾಡಿಕೊಟ್ಟ. ಅತ್ತೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದರು. ಮಗಳು, "ಕೂಲ್! ಕ್ಯಾನ್ ಐ ಸ್ಟಾರ್ಟ್ ಇಟ್?" ಅಂತ ಹಿಂದೆ ಮುಂದೆ ಸುಳಿದಾಡಿದಳು. ಇನ್ನು ಚಳಿ ಬರಲಿ, ಒಂದು ಕೈ ನೋಡೋಣ ಅಂತ ಕಾದೆವು.

ಚಳಿ ಬಂತು. ಕರೆಂಟ್ ಹೋಗಲಿಲ್ಲ.

ಮೊದಮೊದಲು ಸಮಾಧಾನವಾಗಿತ್ತು. ಬರಬರುತ್ತಾ ಅವಮಾನ ಆದ ಹಾಗಾಯಿತು. ಗಾಳಿ ಜೋರಾಗಿ ಬೀಸಿದರೆ ಇವಳು ಕಿಟಕಿಗೆ ಓಡಿ, "ಇವತ್ತರ ಹೋಗ್ತದೇನ್ರೀ?" ಅನ್ನೋಳು. ಒಮ್ಮೆ ದೀಪ ಮಿಣುಕಿದಾಗ ಎಲ್ಲರೂ ಉಸಿರು ಬಿಗಿಹಿಡಿದೆವು. ದೀಪ ಮತ್ತೆ ಸರಿಯಾಗಿ ಉರಿಯಿತು. ಅತ್ತೆ, "ಥೂ, ಇದರ!" ಅಂದರು.

ಒಂದು ಸಂಜೆ ಕೊನೆಗೂ ಫಕ್ಕನೆ ಎಲ್ಲ ಆರಿತು. ಮಗಳು ಚಪ್ಪಾಳೆ ತಟ್ಟಿದಳು. ನಾನು ಟಾರ್ಚ್ ಹಿಡಿದು ಹಿತ್ತಲಿಗೆ ಓಡಿದೆ. ಹಗ್ಗ ಎಳೆದೆ. ಜನರೇಟರ್ ಗುಡುಗಿತು. ಹೀಟರಿನ ಫ್ಯಾನ್ ತಿರುಗಿತು! ಒಳಗೆ ಎಲ್ಲರೂ ಹೋ ಅಂತ ಕೂಗಿದರು. ನನಗೆ ಕಣ್ಣಲ್ಲಿ ನೀರೇ ಬಂತು. ಬೀದಿಯವರಿಗೆಲ್ಲ ಆಸರೆ ಕೊಡುವ ಹುಮ್ಮಸ್ಸಿನಲ್ಲಿ ಪಕ್ಕದ ಮನೆಯ ಬಾಗಿಲು ಬಡಿದೆ.

"ಹೆದರಬೇಡಿ, ಚಳಿಯಾದರೆ ನಮ್ಮ ಮನೆಗೆ ಬನ್ನಿ! ನಮ್ಮಲ್ಲಿ ಜನರೇಟರ್ ಇದೆ!"

ಪಕ್ಕದ ಮನೆಯವರು ಬಾಗಿಲು ತೆಗೆದು ನಿಂತರು. ಅವರ ಹಿಂದೆ ಟಿವಿ ಓಡುತ್ತಿತ್ತು. ಹಾಲ್ ತುಂಬ ಝಗಝಗ ದೀಪ. ತಿರುಗಿ ನೋಡಿದೆ. ಬೀದಿಯುದ್ದಕ್ಕೂ ಎಲ್ಲ ಮನೆಯಲ್ಲೂ ಬೆಳಕು.

ಮನೆಗೆ ವಾಪಸ್ ಬಂದರೆ ಗ್ಯಾರೇಜಿನ ಮೇನ್ ಸ್ವಿಚ್ಚಿನ ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಸ್ವಲ್ಪವೂ ಅಳುಕಿಲ್ಲದೆ ಹೇಳಿದಳು:

"ನಾನ ಆಫ್ ಮಾಡೀನ್ರೀ. ಈ ಕರೆಂಟ್ ಕಂಪನಿಯವರನ್ನ ನೆಚ್ಚಿಕೊಂಡು ಕೂತ್ರ, ನಮಗ ಕರೆಂಟ್ ಹೋಗೂದು ಯಾವಾಗ?"